ವಿಆರ್‌ನಲ್ಲಿ ಹುಟ್ಟಿಸಿದ ಒತ್ತಡ ನಿಜವಾದ ಒತ್ತಡವೇ?

ಪ್ರಶ್ನೆ
ಒತ್ತಡ ಬಿದ್ದಾಗ ಜನ ಹೇಗೆ ನಿರ್ಧಾರ ಮಾಡುತ್ತಾರೆ ಅನ್ನೋದರ ಮೇಲೆ ಪ್ರಾಜೆಕ್ಟ್ ಮಾಡಬೇಕೆಂದಿದ್ದೇನೆ. ವಿಆರ್ (ಕಂಪ್ಯೂಟರ್ ಕಟ್ಟಿದ ಲೋಕದೊಳಗೇ ಇದ್ದೇವೆ ಅನ್ನಿಸುವ) ಹೆಡ್‌ಸೆಟ್ ಹಾಕಿಸಿ, ಎತ್ತರದ ಕಟ್ಟಡದಿಂದ ಆಚೆ ಚಾಚಿದ ಹಲಗೆ ಮೇಲೆ ನಿಲ್ಲಿಸಿ, ರಿಸ್ಕ್ ಇರುವ ಆಯ್ಕೆ ಕೊಡುವ ಯೋಚನೆ. ಆದರೆ ಅದೆಲ್ಲ ಸುಳ್ಳು ಅಂತ ಅವರಿಗೆ ಗೊತ್ತೇ ಇರುತ್ತದೆ ಅಲ್ವಾ? ಅಲ್ಲಿ ಮಾಡಿದ ನಿರ್ಧಾರವನ್ನು ಎಷ್ಟು ನಂಬಬಹುದು?

ಉತ್ತರ 1
ಗೊತ್ತಿದ್ದರೂ ಮೈ ಕೇಳುವುದಿಲ್ಲ. ಹಲಗೆ ಮೇಲೆ ನಿಂತವರ ಕಾಲು ನೋಡಿ, ಗಟ್ಟಿ ನೆಲದ ಮೇಲೇ ನಿಂತಿದ್ದರೂ ಮಂಡಿ ಮಡಿಸಿ, ಪಾದದಿಂದ ಅಂಚು ಸವರಿ ನೋಡಿಕೊಂಡೇ ಮುಂದಿನ ಹೆಜ್ಜೆ ಇಡುತ್ತಾರೆ. 2006ರಲ್ಲಿ ವಿಆರ್ ಸಂಶೋಧಕ ಮೆಲ್ ಸ್ಲೇಟರ್ ತಂಡ ಮಿಲ್‌ಗ್ರಾಂ ಪ್ರಯೋಗವನ್ನು, ಅಂದರೆ ಮೇಲಿನವರು ಹೇಳಿದರೆ ಜನ ಇನ್ನೊಬ್ಬರಿಗೆ ಶಾಕ್ ಕೊಡುತ್ತಾ ಹೋಗುತ್ತಾರಾ ಅಂತ ನೋಡುವ ಪ್ರಯೋಗವನ್ನು, ವಿಆರ್‌ನಲ್ಲಿ ಮಾಡಿತು. ಶಾಕ್ ತಿನ್ನುವ ಹೆಂಗಸು ಬರೀ ಕಂಪ್ಯೂಟರ್ ಚಿತ್ರ ಅಂತ ಎಲ್ಲರಿಗೂ ಗೊತ್ತಿತ್ತು. ಆದರೂ ಅವಳನ್ನು ಕಣ್ಣಾರೆ ಕಂಡವರ ದೇಹದಲ್ಲಿ ಒತ್ತಡ ಎದ್ದು ಕಾಣುತ್ತಿತ್ತು, ಕೆಲವರು ನಡುವೆಯೇ ನಿಲ್ಲಿಸಿದರು.

ಉತ್ತರ 2
ಹಲಗೆ ಹುಟ್ಟಿಸುವುದು ಎತ್ತರದ ಭಯ. ಜನರೆದುರು ಪರೀಕ್ಷೆಗೆ ನಿಂತಾಗಿನ ಒತ್ತಡ ಬೇರೆ. ಅದಕ್ಕೆ 1993ರ ಟ್ರಿಯರ್ ಪರೀಕ್ಷೆ ಇದೆ: ಮುಖದಲ್ಲಿ ಯಾವ ಭಾವವನ್ನೂ ತೋರಿಸದ ತೀರ್ಪುಗಾರರ ಮುಂದೆ ಮಾತಾಡಬೇಕು, ಆಮೇಲೆ ಬಾಯಲ್ಲೇ ಲೆಕ್ಕ ಮಾಡಬೇಕು. ವಿಆರ್ ತೀರ್ಪುಗಾರರಿದ್ದರೂ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನ್ ಏರುತ್ತದೆ, ಸಾಮಾನ್ಯವಾಗಿ ನಿಜವಾದವರ ಮುಂದಿಗಿಂತ ಸ್ವಲ್ಪ ಕಡಿಮೆ.

ಸಮಯದ ಬಗ್ಗೆ ಜಾಸ್ತಿ ಯೋಚಿಸಿ. ಎದೆಬಡಿತ ಏರಿಸುವ ಹಾರ್ಮೋನ್ ಅಡ್ರಿನಲಿನ್ ಸೆಕೆಂಡುಗಳಲ್ಲಿ ಏರುತ್ತದೆ, ಎಂಜಲಿನಲ್ಲಿ ಕಾರ್ಟಿಸಾಲ್ ತುದಿ ಮುಟ್ಟಲು ಒತ್ತಡ ಶುರುವಾದ ಮೇಲೆ ಸುಮಾರು 20-30 ನಿಮಿಷ ಬೇಕು. ಹಲಗೆ ಮೇಲೇ ಪ್ರಶ್ನೆ ಕೇಳಿದರೆ ನೀವು ನೋಡುವುದು ಅಡ್ರಿನಲಿನ್ ಹೊತ್ತಿನ ನಿರ್ಧಾರವನ್ನು, ಅರ್ಧ ಗಂಟೆ ಬಿಟ್ಟು ಕೇಳಿದರೆ ಕಾರ್ಟಿಸಾಲ್ ಹೊತ್ತಿನದನ್ನು.

ಉತ್ತರ 3
ರಿಸ್ಕ್ ಒಂದನ್ನೇ ಹಿಡಿದು ಕೂರಬೇಡಿ. ಸ್ಟ್ಯಾನ್‌ಫರ್ಡ್‌ನವರ 2020ರ ಒಂದು ಅಧ್ಯಯನದಲ್ಲಿ, ಕಂಪ್ಯೂಟರ್ ಪರದೆಯ ಊರುಗಳಲ್ಲಿ ದಾರಿ ಹುಡುಕುವವರಿಗೆ ಸಣ್ಣ ಶಾಕ್ ಹೊಡೆಯಬಹುದೆಂಬ ಆತಂಕ ಇಟ್ಟರು. ಅವರು ಹತ್ತಿರದ ದಾರಿ ಬಿಟ್ಟು, ರೂಢಿಯಾದ ದಾರಿಯಲ್ಲೇ ಹೋಗುವುದು ಜಾಸ್ತಿಯಾಯಿತು. ಒತ್ತಡದಲ್ಲಿ ನಾವು ಅಭ್ಯಾಸಕ್ಕೆ ಜೋತುಬೀಳುತ್ತೇವೆ, ನನಗಂತೂ ನೋಡಬೇಕಾದ ವಿಷಯ ಅದೇ ಅನ್ನಿಸುತ್ತದೆ.

ಇನ್ನೊಂದು, ಹೋಲಿಸಿ ನೋಡಲು ಅರ್ಧ ಜನರಿಗೆ ಅದೇ ಹೆಡ್‌ಸೆಟ್, ಅದೇ ಹಲಗೆ ಕೊಡಿ, ಆದರೆ ವಿಆರ್‌ನಲ್ಲಿ ಹಲಗೆ ಎತ್ತರದಲ್ಲಿರದೆ ನೆಲದ ಮೇಲೆ ಇರಲಿ. ತಲೆಸುತ್ತು, ವಾಂತಿ ಬಂದ ಹಾಗಾದರೂ ಎದೆಬಡಿತ ಏರುಪೇರಾಗುತ್ತದೆ, ಈ ಹೋಲಿಕೆ ಇಲ್ಲದಿದ್ದರೆ ಅದನ್ನು ಒತ್ತಡ ಅಂತ ಎಣಿಸಿಬಿಡುತ್ತೀರಿ. ಬೇಡ ಅಂದ ಕ್ಷಣ ಹೆಡ್‌ಸೆಟ್ ತೆಗೆಯಲೇಬೇಕು, ಅದನ್ನು ಮೊದಲೇ ಹೇಳಿ.

ಪ್ರಶ್ನೆ ಕೇಳಿದವರು
ನೆಲದ ಹಲಗೆ ಖಂಡಿತ ಸೇರಿಸುತ್ತೇನೆ. ಎಂಜಲು ಪರೀಕ್ಷೆ ಮಾಡಿಸಲು ಆಗದಿದ್ದರೆ ಎದೆಬಡಿತ ಸಾಕಾ?

ಉತ್ತರ 2
ಹಲಗೆ ಮೇಲಿನ ನಿರ್ಧಾರಕ್ಕೆ ಸಾಕು, ಆದರೆ ಕಾರ್ಟಿಸಾಲ್ ಬಗ್ಗೆ ಏನೂ ಬರೆಯಬೇಡಿ. ಮಾಡಿಸುವುದೇ ಆದರೆ ಎಲ್ಲರನ್ನೂ ಮಧ್ಯಾಹ್ನವೇ ಕರೆಯಿರಿ, ಬೆಳಗ್ಗೆ ಅದು ತಾನಾಗಿಯೇ ಜಾಸ್ತಿ ಇರುತ್ತದೆ.