ಹಿತ್ತಲಿಗೆ 3 ಮೀಟರ್ ಡಿಶ್: ಹಳೆಯದಕ್ಕೆ ಕೈ ಹಾಕಲಾ, ಹೊಸದೇ ಸರಿಯಾ?

ಹಿತ್ತಲಕಿವಿ:
ಎಲ್ಲರಿಗೂ ನಮಸ್ಕಾರ. ಸಣ್ಣ ಡಿಶ್ ಇಟ್ಟುಕೊಂಡು, ಮನೆಮನೆಯ ಡಿಟಿಎಚ್ ಬರುವ ಕೆಯು ಬ್ಯಾಂಡಿನಲ್ಲಿ ಸಿಗ್ನಲ್ ಹುಡುಕುವ ಚಟ ನನ್ನದು. ಈಗ ಅದು ಸಾಲುತ್ತಿಲ್ಲ. ಪರಿಚಯದವರೊಬ್ಬರು ತಮ್ಮ ಹಳೇ ಡಿಶ್ ಮಾರುತ್ತಿದ್ದಾರೆ. 3 ಮೀಟರ್ ಅಗಲ, ಅಲ್ಯೂಮಿನಿಯಂ ಜಾಲರಿ, ಎಸಳು ಎಸಳಾಗಿ ಬಿಚ್ಚಬಹುದು. ಮಳೆ ಬಿಸಿಲಿಗೆ ಮೈಯೊಡ್ಡಿ ವರ್ಷಗಟ್ಟಲೆ ನಿಂತಿದೆ. ಅದು ಬೇಡ ಅಂದರೆ ಹೊಸದು, 2.4 ಮೀಟರಿನ ಗಟ್ಟಿ ತಗಡಿನದು ನೋಡಿಟ್ಟಿದ್ದೇನೆ. ನನಗೆ ಮುಖ್ಯವಾಗಿ ಅದಕ್ಕಿಂತ ಉದ್ದ ತರಂಗದ ಸಿ ಬ್ಯಾಂಡ್ ಚಾನೆಲ್ ಬೇಕು. ಆಮೇಲೆ ಹೈಡ್ರೋಜನ್ ಗೆರೆ, ಅಂದರೆ ಆಕಾಶಗಂಗೆಯ ಹೈಡ್ರೋಜನ್ ಅನಿಲ ಸೂಸುವ ರೇಡಿಯೋ ಸಿಗ್ನಲ್ ಹಿಡಿಯುವ ಆಸೆಯೂ ಇದೆ. ದೊಡ್ಡದಾದಷ್ಟೂ ಒಳ್ಳೆಯದು ಅಲ್ವಾ?

ಡಿಬಿ ಲೆಕ್ಕ:
ದೊಡ್ಡದನ್ನೇ ತಗೊಳ್ಳಿ. 2.4ರಿಂದ 3ಕ್ಕೆ ಹೋದರೆ ಸಿಗ್ನಲ್ ಸುಮಾರು 2 ಡೆಸಿಬೆಲ್ ಜಾಸ್ತಿ, ಅಂದರೆ ಒಂದೂವರೆ ಪಟ್ಟು. ಚಿತ್ರ ಚೌಕ ಚೌಕವಾಗಿ ಒಡೆಯುವ ಚಾನೆಲ್ ಗಟ್ಟಿಯಾಗಿ ನಿಲ್ಲಲು ಎಷ್ಟೋ ಸಲ ಅಷ್ಟೇ ಸಾಕು.

ತುಕ್ಕುಬೋಲ್ಟ್:
ಲೆಕ್ಕ ಸರಿ. ಆದರೆ ಆ 2 ಡೆಸಿಬೆಲ್ ಸಿಗುವುದು ಡಿಶ್ ನೆಟ್ಟಗಿದ್ದರೆ ಮಾತ್ರ. ಸೊಟ್ಟಗಿರುವ 3 ಮೀಟರಿಗಿಂತ ನೆಟ್ಟಗಿರುವ 2.4 ಎಷ್ಟೋ ವಾಸಿ. ಅಗಲ ಕೇಳಿ ಖುಷಿಪಡುವುದನ್ನು ಬಿಟ್ಟು ಒಂದು ಉಂಡೆ ದಾರ ಜೇಬಿಗೆ ಹಾಕಿಕೊಂಡು ಹೋಗಿ.

ಅಂಚಿನಿಂದ ಅಂಚಿಗೆ ಎರಡು ದಾರ, ಕೂಡಿಸುವ ಗುರುತಿನ ಹಾಗೆ ಅಡ್ಡಡ್ಡ ಎಳೆದು ಬಿಗಿಯಾಗಿ ಕಟ್ಟಿ. ನಡುವೆ ಅವೆರಡೂ ಮುಟ್ಟಿಯೂ ಮುಟ್ಟದ ಹಾಗೆ ದಾಟಬೇಕು. ನಡುವೆ ಸಂದಿ ಕಂಡರೆ ಡಿಶ್ ತಿರುಚಿಕೊಂಡಿದೆ ಎಂದೇ ಅರ್ಥ. ಒಂದು ದಾರ ಇನ್ನೊಂದನ್ನು ಒತ್ತಿ ಬಗ್ಗಿಸುತ್ತಿದ್ದರೂ ಅದೇ ರೋಗ. ಮೇಲಿನ ದಾರವನ್ನು ಕೆಳಗೆ ಹಾಕಿ ನೋಡಿ, ಸಂದಿ ಎದ್ದು ಕಾಣುತ್ತದೆ. ಆಮೇಲೆ ದಾರಗಳನ್ನು 45 ಡಿಗ್ರಿ ಸರಿಸಿ ಇನ್ನೊಮ್ಮೆ ನೋಡಿ. ಮಾರುವವರು ನಗಬಹುದು, ನಗಲಿ ಬಿಡಿ.

ದಾರ ಅಂಚನ್ನಷ್ಟೇ ಹೇಳುತ್ತದೆ. ಒಳಗಿನ ತಗ್ಗುಗಳನ್ನು ಕೈಯಾಡಿಸಿ ನೋಡಬೇಕು. ಸಿ ಬ್ಯಾಂಡಿನ ತರಂಗ ಸುಮಾರು 7.5 ಸೆಂಟಿಮೀಟರ್ ಉದ್ದ. ಅದರ ಹದಿನಾರನೇ ಒಂದು ಪಾಲು, ಅಂದರೆ 4–5 ಮಿಲಿಮೀಟರಿನೊಳಗಿನ ಏರುಪೇರು ನಡೆಯುತ್ತದೆ. ಕೆಯು ಬ್ಯಾಂಡಿಗೆ ಒಂದೂವರೆ ಮಿಲಿಮೀಟರ್. ಮಳೆ ಬಿಸಿಲು ತಿಂದ ಜಾಲರಿಯಿಂದ ಅದನ್ನು ಕೇಳಬೇಡಿ. ಹೈಡ್ರೋಜನ್ನಿಗೆ ಈ ಚಿಂತೆಯೇ ಇಲ್ಲ. 1420 ಮೆಗಾಹರ್ಟ್ಸಿನ ತರಂಗ 21 ಸೆಂಟಿಮೀಟರ್, ಸಣ್ಣಪುಟ್ಟ ತಗ್ಗು ಅದರ ಲೆಕ್ಕಕ್ಕೇ ಬರುವುದಿಲ್ಲ.

ಇನ್ನು ಡಿಶ್ ಹಿಂದೆ ಹೋಗಿ ನಿಲ್ಲಿ. ನೋಡಲು ಬಂದವರೆಲ್ಲ ಮುಂದೆಯೇ ನಿಲ್ಲುತ್ತಾರೆ, ಅಸಲು ಕಥೆ ಇರುವುದು ಹಿಂದಿನ ಮೌಂಟಿನಲ್ಲಿ, ಅಂದರೆ ಡಿಶ್ ಹೊತ್ತು ತಿರುಗಿಸುವ ಚೌಕಟ್ಟಿನಲ್ಲಿ. ಅಂಚು ಹಿಡಿದು ಅಲ್ಲಾಡಿಸಿ. ಕೀಲು ಸವೆದು ಅಂಚು 2 ಸೆಂಟಿಮೀಟರ್ ಆಡಿದರೆ ಗುರಿ ಮುಕ್ಕಾಲು ಡಿಗ್ರಿ ತಪ್ಪುತ್ತದೆ. 3 ಮೀಟರಿನ ಡಿಶ್ ಸಿ ಬ್ಯಾಂಡಿನಲ್ಲಿ ನೋಡುವುದೇ ಸುಮಾರು ಒಂದೂಮುಕ್ಕಾಲು ಡಿಗ್ರಿ ಅಗಲ. ಗಾಳಿ ಬಂದಾಗಲೆಲ್ಲ ಚಾನೆಲ್ ಹೋಗಿ ಬರುತ್ತಿದ್ದರೆ ಜನ ಸುಮ್ನೆ ಡಿಶ್ ಎದುರಿನ, ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಬದಲಾಯಿಸುತ್ತಾ ಕೂರುತ್ತಾರೆ. ಎಸಳು ಬಾಗಿದರೆ ತಿದ್ದಬಹುದು, ಜಾಲರಿ ಹರಿದರೆ ಹೊಸದು ಹೊಲಿಯಬಹುದು. ಮೌಂಟ್ ಹೋದರೆ ಆ ಅಳತೆಯದು ಹುಡುಕಿ ತರುವುದು ಕಷ್ಟ.

ಹಿತ್ತಲಕಿವಿ:
ದಾರದ ಉಪಾಯ ಚೆನ್ನಾಗಿದೆ. ಇನ್ನೆರಡು ಪ್ರಶ್ನೆ. ಫೀಡ್ (ಎಲ್‌ಎನ್‌ಬಿಯ ಬಾಯಿ) ಹಿಡಿಯುವ ಕಾಲುಗಳು ಕಳೆದುಹೋಗಿವೆಯಂತೆ. ಎಲ್‌ಎನ್‌ಬಿ ಎಷ್ಟು ದೂರ ಇಡಬೇಕು ಅಂತ ಹೇಗೆ ಗೊತ್ತಾಗುತ್ತದೆ? ಜಾಲರಿ ಅಂದಮೇಲೆ ಗಾಳಿ ತೂರಿಕೊಂಡು ಹೋಗುತ್ತದೆ, ಹಾಗಾಗಿ ತಾರಸಿ ಮೇಲೆ ಇಟ್ಟರೆ ನಡೆಯುತ್ತದಾ?

ಡಿಬಿ ಲೆಕ್ಕ:
ಮೊದಲನೆಯದು ಸುಲಭ. ದಾರ ಕಟ್ಟಿದಾಗಲೇ ಅದರಿಂದ ಡಿಶ್‌ನ ನಡುವಿಗೆ ಎಷ್ಟು ಆಳ ಅಂತ ಅಳೆಯಿರಿ. ಅಗಲವನ್ನು ಅಗಲದಿಂದಲೇ ಗುಣಿಸಿ, ಆಳದ 16 ಪಟ್ಟಿನಿಂದ ಭಾಗಿಸಿ. 3 ಮೀಟರ್ ಅಗಲ, ಅರ್ಧ ಮೀಟರ್ ಆಳ ಇದ್ದರೆ 9 ಭಾಗಿಸು 8, ಅಂದರೆ ನಡುವಿನಿಂದ 112 ಸೆಂಟಿಮೀಟರ್ ಚಿಲ್ಲರೆ. ಅದನ್ನು ಅಗಲದಿಂದ ಭಾಗಿಸಿದರೆ 0.375 ಬರುತ್ತದೆ. ಫೀಡ್ ಹಾರ್ನಿನ ಸುತ್ತ ಇರುವ ಬಳೆ ಬಳೆಯ ತಟ್ಟೆಯನ್ನು, ಅಂದರೆ ಸ್ಕೇಲಾರ್ ರಿಂಗನ್ನು, ಆ ಅಂಕಿಗೆ ಹೊಂದಿಸಿ. ಅಕ್ಕಪಕ್ಕ 5ಜಿ ಟವರ್ ಇದ್ದರೆ ಅದರ ಸಿಗ್ನಲ್ ತಡೆಯಲು ಎಲ್‌ಎನ್‌ಬಿಗೆ ಮೊದಲು 3.7ರಿಂದ 4.2 ಗಿಗಾಹರ್ಟ್ಸಿನ ಫಿಲ್ಟರ್ ಬೇಕಾಗಬಹುದು. ಅದಿಲ್ಲದೆ ಎಷ್ಟು ದೊಡ್ಡ ಡಿಶ್ ಇದ್ದರೂ ದಂಡ.

ತುಕ್ಕುಬೋಲ್ಟ್:
ತಾರಸಿ ಬೇಡ ಮಾರಾಯ್ರೆ. 3 ಮೀಟರ್ ಅಂದರೆ 7 ಚದರ ಮೀಟರ್ ಮೈ. ಗಟ್ಟಿ ತಗಡಾದರೆ ಗಂಟೆಗೆ 100 ಕಿಲೋಮೀಟರ್ ಗಾಳಿ ಎದುರಿಗೆ ಹೊಡೆದಾಗ 400 ಕಿಲೋ ಆಸುಪಾಸು ನೂಕುತ್ತದೆ. ಜಾಲರಿಗೆ ಕಡಿಮೆ, ಹಾಗಂತ ಏನೂ ಇಲ್ಲ ಅಂದುಕೊಳ್ಳಬೇಡಿ. ಪೂರ್ತಿ ಮೇಲಕ್ಕೆತ್ತಿದ ಹಡಗಿನ ಹಾಯಿ ಅದು.

ನೆಲದಲ್ಲೇ ಕಂಬ ಹೂಳಿ. ಕಂಬದ ಬುಡಕ್ಕೆ ಅಡ್ಡ ಸರಳು ಬೆಸೆಯಿರಿ, ಇಲ್ಲದಿದ್ದರೆ ಗಾಳಿಗೆ ಅದು ಕಾಂಕ್ರೀಟಿನೊಳಗೇ ತಿರುಗಿಬಿಡುತ್ತದೆ. ಕಾಂಕ್ರೀಟು ಹಸಿಯಿದ್ದಾಗ ರಸಮಟ್ಟ ಹಿಡಿದು ನಾಲ್ಕೂ ಕಡೆಯಿಂದ ನೋಡಿ. ಕಂಬ ವಾಲಿದರೆ, ಒಂದೇ ಅಚ್ಚಿನ ಮೇಲೆ ತಿರುಗಿ ಉಪಗ್ರಹಗಳ ಸಾಲನ್ನು ಹಿಂಬಾಲಿಸುವ ಪೋಲಾರ್ ಮೌಂಟ್ ಆಕಾಶದ ಒಂದು ತುದಿಯಲ್ಲಿ ಉಪಗ್ರಹ ಹಿಡಿದು ಇನ್ನೊಂದು ತುದಿಯಲ್ಲಿ ಕೈಬಿಡುತ್ತದೆ.

ಅಕ್ಕಪಕ್ಕದವರು ಗೊಣಗಿದರೆ ಗ್ರೋಟ್ ರೆಬರ್ ಹೆಸರು ಹೇಳಿ. 1937ರಲ್ಲಿ ಅಮೆರಿಕದ ವೀಟನ್‌ನಲ್ಲಿ ತನ್ನ ಮನೆಯ ಹಿತ್ತಲಲ್ಲೇ ಆಕಾಶದ ರೇಡಿಯೋ ಸಿಗ್ನಲ್ ಕೇಳಲು 9 ಮೀಟರಿಗೂ ದೊಡ್ಡ ಡಿಶ್ ಕಟ್ಟಿದ ಆಸಾಮಿ. 3300 ಮೆಗಾಹರ್ಟ್ಸಿನಲ್ಲಿ ಏನೂ ಕೇಳಲಿಲ್ಲ, 900ರಲ್ಲೂ ಇಲ್ಲ, ಕೊನೆಗೆ 160ರಲ್ಲಿ ಆಕಾಶಗಂಗೆ ಸಿಕ್ಕಿತು. ನಿಮ್ಮದು ಅದರ ಮೂರನೇ ಒಂದು ಪಾಲು!

ಹಿತ್ತಲಕಿವಿ:
ಹಾಗಾದರೆ ಒಂದೇ ಮಾತಿನಲ್ಲಿ ಹೇಳಿ, ತಗೊಳ್ಳಲಾ?

ತುಕ್ಕುಬೋಲ್ಟ್:
ಮೌಂಟ್ ಆಡದಿದ್ದರೆ, ದಾರಗಳ ಸಂದಿ ಬೆರಳಿನಷ್ಟು ದಪ್ಪ ಇಲ್ಲದಿದ್ದರೆ ತಗೊಳ್ಳಿ. ಅಷ್ಟು ಸಣ್ಣ ತಿರುಚು ಹಿಂದಿನ ಬೋಲ್ಟು ಸಡಿಲಿಸಿ ಕೂರಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಬಿಚ್ಚುವ ಮೊದಲು ಪ್ರತಿ ಎಸಳಿಗೂ ಅಂಕಿ ಬರೆಯಿರಿ, ಇದ್ದ ಜಾಗಕ್ಕೇ ಅದು ವಾಪಸ್ ಹೋಗಬೇಕು. ಮೌಂಟ್ ಆಡಿದರೆ ಹೊಸ 2.4 ತಗೊಳ್ಳಿ. ಅದಕ್ಕೆ ಮಾತ್ರ ಮಿರಮಿರ ಮಿನುಗುವ ಪೇಂಟ್ ಹೊಡೆಯಬೇಡಿ. ಸೂರ್ಯ ನೇರಕ್ಕೆ ಬಂದ ದಿನ ಬಿಸಿಲೆಲ್ಲ ಒಂದೇ ಕಡೆ ಬಿದ್ದು ಎಲ್‌ಎನ್‌ಬಿ ಮುಚ್ಚಳ ಕರಗುತ್ತದೆ.