ದ್ರಾವಕ ಬದಲಾದರೆ ಕೂಮರಿನ್ ಸೂಸುವ ಬೆಳಕು ಇಷ್ಟು ದೂರ ಸರಿಯುವುದೇಕೆ?

ಪ್ರಶ್ನೆ: ಎಂ.ಎಸ್ಸಿ. ವಿದ್ಯಾರ್ಥಿನಿ, ಬಸವನಗುಡಿ

ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗಾಗಿ ಕೂಮರಿನ್ 153 ಎಂಬ ಬಣ್ಣವಸ್ತುವನ್ನು ಬೇರೆ ಬೇರೆ ದ್ರಾವಕಗಳಲ್ಲಿ ಕರಗಿಸಿ, ಅದು ಹೀರುವ ಮತ್ತು ಸೂಸುವ ಬೆಳಕಿನ ರೋಹಿತಗಳನ್ನು ದಾಖಲಿಸುತ್ತಿದ್ದೇನೆ. ಸೈಕ್ಲೋಹೆಕ್ಸೇನ್‌ನಲ್ಲಿ ಹೀರಿಕೆಯ ಶಿಖರ 393 ನ್ಯಾನೋಮೀಟರ್‌ನಲ್ಲೂ ಪ್ರತಿದೀಪ್ತಿಯ (ಹೀರಿದ ಬಳಿಕ ಸೂಸುವ ಬೆಳಕಿನ) ಶಿಖರ 455ರಲ್ಲೂ ಬಂದವು. ಅಸಿಟೋನೈಟ್ರೈಲ್‌ನಲ್ಲಿ ಅವು 418 ಮತ್ತು 521 ಆದವು. ಅಣುವೂ ಒಂದೇ, ದ್ರಾವಕದ ಬದಲಾವಣೆಯೂ ಒಂದೇ ಆಗಿರುವಾಗ ಹೀರಿಕೆ 25 ನ್ಯಾನೋಮೀಟರ್ ಮಾತ್ರ ಸರಿದು, ಪ್ರತಿದೀಪ್ತಿ 66 ನ್ಯಾನೋಮೀಟರ್ ಸರಿಯುವುದು ಹೇಗೆ?

ಹೀರಿಕೆ ಮತ್ತು ಪ್ರತಿದೀಪ್ತಿಗಳ ಅಂತರವನ್ನು ದ್ರಾವಕದ ಧ್ರುವೀಯತೆಗೆ ಜೋಡಿಸುವ ಲಿಪರ್ಟ್–ಮಟಾಗ ಸಮೀಕರಣದ ನಕ್ಷೆ ಎಳೆದಾಗ ಮೆಥನಾಲ್ ಮತ್ತು ಡೈಆಕ್ಸೇನ್ ಬಿಂದುಗಳು ಸರಳರೇಖೆಯಿಂದ ದೂರ ಉಳಿಯುತ್ತವೆ. ಅವೆರಡನ್ನೂ ಕೈಬಿಡುವಂತೆ ಸಹಪಾಠಿಯೊಬ್ಬರು ಹೇಳಿದರು, ನನಗೆ ಮನಸ್ಸು ಒಪ್ಪುತ್ತಿಲ್ಲ. ಇದಲ್ಲದೆ, 400 ನ್ಯಾನೋಮೀಟರ್ ಬೆಳಕಿನಿಂದ ಉದ್ರೇಕಿಸಿದಾಗ ತೀರಾ ತೆಳುವಾದ ಸೈಕ್ಲೋಹೆಕ್ಸೇನ್ ದ್ರಾವಣದಲ್ಲಿ 452ರ ಆಸುಪಾಸಿನಲ್ಲಿ ಒಂದು ಚಿಕ್ಕ, ಚೂಪಾದ ಉಬ್ಬು ಕಾಣುತ್ತದೆ. ಅದು ಕಲ್ಮಶವೇ?

ಉತ್ತರ: ನಿವೃತ್ತ ಅಧ್ಯಾಪಕ, ಮಲ್ಲೇಶ್ವರಂ

ಮೊದಲು ಅಂಕಿಗಳನ್ನು ನ್ಯಾನೋಮೀಟರ್‌ನಿಂದ ತರಂಗಸಂಖ್ಯೆಗೆ (ಒಂದು ಸೆಂಟಿಮೀಟರಿನಲ್ಲಿ ಹಿಡಿಯುವ ಅಲೆಗಳ ಸಂಖ್ಯೆಗೆ) ಬದಲಿಸಿಕೊಳ್ಳಿ. ತರಂಗಾಂತರ ಶಕ್ತಿಗೆ ವಿಲೋಮ ಅನುಪಾತದಲ್ಲಿರುವುದರಿಂದ, 400ರ ಬಳಿಯ 25 ನ್ಯಾನೋಮೀಟರಿಗೂ 500ರ ಬಳಿಯ 25 ನ್ಯಾನೋಮೀಟರಿಗೂ ಶಕ್ತಿಯ ಲೆಕ್ಕದಲ್ಲಿ ಒಂದೇ ಬೆಲೆಯಿಲ್ಲ. ನಿಮ್ಮ ಹೀರಿಕೆ ಸುಮಾರು 1,520 ಪ್ರತಿ ಸೆಂಟಿಮೀಟರ್ ಸರಿದಿದೆ, ಪ್ರತಿದೀಪ್ತಿ ಸುಮಾರು 2,780. ಎರಡೂವರೆ ಪಟ್ಟಿಗಿಂತ ಹೆಚ್ಚೆಂದು ಕಂಡ ವ್ಯತ್ಯಾಸ ಎರಡು ಪಟ್ಟಿಗೂ ಕಡಿಮೆಯಾಯಿತು. ಆದರೂ ವ್ಯತ್ಯಾಸ ಉಳಿದಿದೆ, ಅದಕ್ಕೆ ಕಾರಣವಿರುವುದು ಕಾಲದಲ್ಲಿ.

ಬೆಳಕನ್ನು ಹೀರುವ ಕ್ರಿಯೆ ಸೆಕೆಂಡಿನ ಲಕ್ಷ ಕೋಟಿ ಭಾಗದ ಸಾವಿರದಲ್ಲೊಂದು ಪಾಲಿನಷ್ಟು ಅಲ್ಪ ಅವಧಿಯಲ್ಲಿ ಮುಗಿಯುತ್ತದೆ. ಆ ಅವಧಿಯಲ್ಲಿ ಎಲೆಕ್ಟ್ರಾನುಗಳ ಹಂಚಿಕೆ ಬದಲಾಗುತ್ತದೆಯೇ ಹೊರತು ಸುತ್ತಲಿನ ದ್ರಾವಕದ ಅಣುಗಳು ಅಲುಗಾಡಲೂ ಸಮಯವಿರುವುದಿಲ್ಲ. ಅಂದರೆ, ಹೀರಿಕೆಯ ಹೊತ್ತಿಗೆ ಕೂಮರಿನ್‌ನ ಸುತ್ತ ಇರುವುದು ಅದರ ತಳಸ್ಥಿತಿಗೆ (ಬೆಳಕು ಹೀರುವ ಮುಂಚಿನ ಕನಿಷ್ಠ ಶಕ್ತಿಯ ಸ್ಥಿತಿಗೆ) ಹೊಂದಿಕೊಂಡ ದ್ರಾವಕದ ಬಳಗ. ಬೆಳಕು ಹೀರಿ ಮೇಲೇರಿದ ಉದ್ರಿಕ್ತ ಸ್ಥಿತಿಯಲ್ಲಿ ಈ ಅಣುವಿನ ಡೈಪೋಲ್ ಮೊಮೆಂಟ್ (ಧನ ಮತ್ತು ಋಣ ವಿದ್ಯುದಾವೇಶಗಳು ಬೇರೆಯಾಗಿರುವ ಅಳತೆ) ಸುಮಾರು ಇಮ್ಮಡಿಯಾಗುತ್ತದೆ. ಅದು ಬೆಳಕು ಸೂಸುವ ಮುನ್ನ ಕೆಲವು ನ್ಯಾನೋಸೆಕೆಂಡ್ ಕಾಯುತ್ತದೆ. ಅಸಿಟೋನೈಟ್ರೈಲ್ ಅಣುಗಳಿಗೆ ತಿರುಗಿ ಹೊಂದಿಕೊಳ್ಳಲು ಒಂದೆರಡು ಪಿಕೋಸೆಕೆಂಡ್ ಸಾಕು. ಹೀಗಾಗಿ ಬೆಳಕು ಹೊರಬೀಳುವ ಹೊತ್ತಿಗೆ ಬಳಗವೆಲ್ಲ ಹೊಸ ಡೈಪೋಲಿನ ಕಡೆಗೆ ತಿರುಗಿ ಕುಳಿತಿರುತ್ತದೆ, ಉದ್ರಿಕ್ತ ಸ್ಥಿತಿಯ ಶಕ್ತಿ ಕೆಳಗಿಳಿದಿರುತ್ತದೆ. ಅಷ್ಟೇ ಅಲ್ಲ, ಅಣು ಮರಳಿ ಸೇರುವ ತಳಸ್ಥಿತಿ ತನಗೆ ಒಗ್ಗದ ಬಳಗದ ನಡುವೆ ಸಿಲುಕುವುದರಿಂದ ಅದರ ಶಕ್ತಿ ಏರಿರುತ್ತದೆ. ಮೇಲಿನದು ಇಳಿದು ಕೆಳಗಿನದು ಏರಿದಾಗ ನಡುವಿನ ಅಂತರ ಎರಡೂ ಕಡೆಯಿಂದ ಕಿರಿದಾಗುತ್ತದೆ.

ಎಲ್ಲ ಅಣುಗಳೂ ಹೀಗೆ ಕೆಂಪಿನ ಕಡೆಗೇ ಸರಿಯುತ್ತವೆ ಎಂದು ಭಾವಿಸಬೇಡಿ. ರೈಕಾರ್ಟ್ ಬಣ್ಣವಸ್ತುವಿನ ತಳಸ್ಥಿತಿಯೇ ಹೆಚ್ಚು ಧ್ರುವೀಯವಾದದ್ದು. ಅದು ಅಸಿಟೋನ್‌ನಲ್ಲಿ 677 ನ್ಯಾನೋಮೀಟರ್ ಬಳಿ ಹೀರಿ ಹಸಿರಾಗಿಯೂ, ಹೆಚ್ಚು ಧ್ರುವೀಯವಾದ ಮೆಥನಾಲ್‌ನಲ್ಲಿ 516ರ ಬಳಿ ಹೀರಿ ಕೆಂಪಾಗಿಯೂ ಕಾಣುತ್ತದೆ. ನಾನು ಪಾಠ ಮಾಡುತ್ತಿದ್ದಾಗ ಈ ಎರಡು ಸೀಸೆಗಳನ್ನು ಮೇಜಿನ ಮೇಲಿಟ್ಟೇ ವಿಷಯ ಆರಂಭಿಸುತ್ತಿದ್ದೆ.

ಆ ಎರಡು ಬಿಂದುಗಳನ್ನು ದಯವಿಟ್ಟು ಕೈಬಿಡಬೇಡಿ. ಲಿಪರ್ಟ್–ಮಟಾಗ ಸಮೀಕರಣ ದ್ರಾವಕವನ್ನು ಡೈಎಲೆಕ್ಟ್ರಿಕ್ ಸ್ಥಿರಾಂಕ ಮತ್ತು ವಕ್ರೀಭವನಾಂಕ ಮಾತ್ರ ಇರುವ ಒಂದು ಅಖಂಡ ಮಾಧ್ಯಮವೆಂದು ಭಾವಿಸುತ್ತದೆ. ಆ ಲೆಕ್ಕದಲ್ಲಿ ಮೆಥನಾಲ್ ಮತ್ತು ಅಸಿಟೋನೈಟ್ರೈಲ್ ಹೆಚ್ಚುಕಡಿಮೆ ಒಂದೇ. ಆದರೆ ಮೆಥನಾಲ್ ಕೂಮರಿನ್‌ನ ಕಾರ್ಬೊನಿಲ್ ಆಮ್ಲಜನಕಕ್ಕೆ ಹೈಡ್ರೋಜನ್ ಬಂಧ ಹಾಕುತ್ತದೆ, ಇದು ಸಮೀಕರಣದಲ್ಲಿ ಎಲ್ಲೂ ಇಲ್ಲ. ಡೈಆಕ್ಸೇನ್‌ನ ಕತೆ ಬೇರೆ. ಅದರ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 2.2, ಸೈಕ್ಲೋಹೆಕ್ಸೇನ್‌ನದು 2.0. ಇಡೀ ಅಣುವಿನ ಮಟ್ಟದಲ್ಲಿ ಎರಡು ಆಮ್ಲಜನಕಗಳ ಡೈಪೋಲ್‌ಗಳು ಒಂದನ್ನೊಂದು ಅಳಿಸಿಹಾಕುತ್ತವೆ, ಆದರೆ ಪಕ್ಕದಲ್ಲೇ ನಿಂತ ಕೂಮರಿನ್‌ಗೆ ಹತ್ತಿರದ ಆಮ್ಲಜನಕದ ಪ್ರಭಾವ ತಟ್ಟಿಯೇ ತಟ್ಟುತ್ತದೆ. ರೇಖೆ ತಪ್ಪಿದ ಬಿಂದುಗಳೇ ನಿಮ್ಮ ವರದಿಯ ಅತ್ಯಂತ ಬೆಲೆಯುಳ್ಳ ಭಾಗವೆಂದು ನನ್ನ ಅಭಿಪ್ರಾಯ.

ಉತ್ತರ: ರೋಹಿತ ಪ್ರಯೋಗಾಲಯದ ಸಹಾಯಕ, ಯಶವಂತಪುರ

452ರ ಉಬ್ಬು ಕಲ್ಮಶವಲ್ಲ, ಅದು ಸೈಕ್ಲೋಹೆಕ್ಸೇನ್‌ನ ರಾಮನ್ ಚದುರಿಕೆ, ಅಂದರೆ ದ್ರಾವಕದ ಅಣುವಿನ ಕಂಪನಕ್ಕೆ ಸ್ವಲ್ಪ ಶಕ್ತಿ ಕೊಟ್ಟು ಚದುರಿದ ಬೆಳಕು. 400 ನ್ಯಾನೋಮೀಟರ್ ಎಂದರೆ 25,000 ಪ್ರತಿ ಸೆಂಟಿಮೀಟರ್. ಅದರಿಂದ ಕಾರ್ಬನ್–ಹೈಡ್ರೋಜನ್ ಬಂಧದ ಕಂಪನಕ್ಕೆ ಸುಮಾರು 2,900 ಕಳೆದರೆ 22,100 ಉಳಿಯುತ್ತದೆ, ಅದು 452 ನ್ಯಾನೋಮೀಟರ್. ಉದ್ರೇಕದ ಬೆಳಕನ್ನು 390ಕ್ಕೆ ಬದಲಿಸಿ ನೋಡಿ: ರಾಮನ್ ಗೆರೆ 440ರ ಬಳಿಗೆ ಓಡುತ್ತದೆ, ಪ್ರತಿದೀಪ್ತಿಯ ಶಿಖರ ಇದ್ದಲ್ಲೇ ಇರುತ್ತದೆ. ಬರಿಯ ದ್ರಾವಕದ ರೋಹಿತವನ್ನೂ ತೆಗೆದು ಕಳೆಯುವುದನ್ನು ಮರೆಯಬೇಡಿ. ಈ ಚದುರಿಕೆಯ ಬಗ್ಗೆ ಸಿ. ವಿ. ರಾಮನ್ ಅವರು 1928ರ ಮಾರ್ಚ್ 16ರಂದು ವಿವರವಾದ ಉಪನ್ಯಾಸ ನೀಡಿದ್ದು ನಮ್ಮ ಬೆಂಗಳೂರಿನಲ್ಲಿಯೇ ಎಂಬುದು ಆ ಗೆರೆಯನ್ನು ಕಂಡಾಗಲೆಲ್ಲ ನನಗೆ ನೆನಪಾಗುತ್ತದೆ.

ದ್ರಾವಣವನ್ನು ತೆಳುವಾಗಿ ಇಟ್ಟುಕೊಂಡದ್ದು ಸರಿಯಾಗಿದೆ. ಹೀರಿಕೆಯ ಮೌಲ್ಯ 0.1ಕ್ಕಿಂತ ಕಡಿಮೆ ಇರದಿದ್ದರೆ ಸೂಸಿದ ಬೆಳಕನ್ನು ದ್ರಾವಣವೇ ಮತ್ತೆ ಹೀರಿ, ಶಿಖರ ಕೆಂಪಿನ ಕಡೆಗೆ ಸರಿದಂತೆ ತೋರುತ್ತದೆ. ಡೈಆಕ್ಸೇನ್ ನೀರನ್ನು ಎಳೆದುಕೊಳ್ಳುವ ಸ್ವಭಾವದ್ದು, ಮಳೆಗಾಲದಲ್ಲಿ ತೆರೆದಿಟ್ಟ ಸೀಸೆಯನ್ನು ನಂಬಬೇಡಿ. ಅಧ್ಯಾಪಕರು ಹೇಳಿದ ಕಾರಣವನ್ನು ಬರೆಯುವ ಮುನ್ನ ಹೊಸದಾಗಿ ಒಣಗಿಸಿದ ಡೈಆಕ್ಸೇನ್‌ನಲ್ಲಿ ಒಮ್ಮೆ ಅಳೆಯುವುದು ಒಳ್ಳೆಯದು.

ಉತ್ತರ: ಪಿ.ಯು. ಉಪನ್ಯಾಸಕಿ, ವಿಜಯನಗರ

ಉಪಕರಣವಿಲ್ಲದ ತರಗತಿಗೆ ಅರಿಶಿನವೇ ಸಾಕು. ಸ್ಪಿರಿಟ್‌ನಲ್ಲಿ ಅರಿಶಿನ ಕದಡಿ, ಸೋಸಿ, ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚ್ ಹಿಡಿದರೆ ಕರ್ಕ್ಯುಮಿನ್ ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯುತ್ತದೆ. ಅದಕ್ಕೆ ಧಾರಾಳವಾಗಿ ನೀರು ಬೆರೆಸುತ್ತ ಹೋದಂತೆ ಹೊಳಪು ಕುಂದುತ್ತದೆ. ದ್ರಾವಕ ಬದಲಾದಾಗ ಬಣ್ಣವಷ್ಟೇ ಅಲ್ಲ, ಹೊಳಪಿನ ಪ್ರಮಾಣವೂ ಬದಲಾಗುತ್ತದೆ ಎಂಬುದು ಮಕ್ಕಳಿಗೆ ಕಣ್ಣಾರೆ ತಿಳಿಯುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಇಂದು 390ರಲ್ಲಿ ಉದ್ರೇಕಿಸಿದೆ. ಉಬ್ಬು 440ಕ್ಕೆ ಹೋಯಿತು, 455ರ ಶಿಖರ ಕದಲಲಿಲ್ಲ. ಒಣಗಿಸಿದ ಡೈಆಕ್ಸೇನ್‌ನಲ್ಲಿ ಬಿಂದು ರೇಖೆಯ ಕಡೆಗೆ ಸ್ವಲ್ಪ ಬಂದಿತಾದರೂ ರೇಖೆಯನ್ನು ಸೇರಲಿಲ್ಲ. ಹಿಂದಿನ ಅಳತೆಯಲ್ಲಿ ನೀರಿನ ಪಾಲೂ ಇದ್ದಿರಬೇಕು. ಸರ್, ನಕ್ಷೆಯನ್ನು ತರಂಗಸಂಖ್ಯೆಯಲ್ಲಿ ಹೊಸದಾಗಿ ಎಳೆದು, ಮೆಥನಾಲ್ ಮತ್ತು ಡೈಆಕ್ಸೇನ್ ಬಿಂದುಗಳನ್ನು ಬೇರೆ ಗುರುತಿನಿಂದ ಅದರಲ್ಲೇ ಉಳಿಸಿಕೊಂಡಿದ್ದೇನೆ. ಮುಂದಿನ ವಾರ ಎಥನಾಲ್ ಮತ್ತು ಬ್ಯುಟನಾಲ್‌ಗಳನ್ನೂ ಅಳೆದು, ಆಲ್ಕೋಹಾಲುಗಳೆಲ್ಲ ತಮ್ಮದೇ ಬೇರೊಂದು ರೇಖೆಯಲ್ಲಿ ನಿಲ್ಲುತ್ತವೆಯೇ ಎಂದು ನೋಡುತ್ತೇನೆ.