ಸ್ಕ್ಯಾನ್ ಚೆನ್ನಾಗಿದೆ, ಅಮ್ಮ ಚೆನ್ನಾಗಿಲ್ಲ. ಇದನ್ನ ಬರೆದಿಡೋದು ಹೇಗೆ?

ಕೇಳಿದವರು: ವಿದ್ಯಾನಗರ, ದಾವಣಗೆರೆ
ಅಮ್ಮನಿಗೆ 61. ಸ್ತನ ಕ್ಯಾನ್ಸರ್, ಮೂಳೆಗೆ ಹೋಗಿದೆ. ಲೆಟ್ರೋಜೋಲ್, ಪಾಲ್ಬೊಸಿಕ್ಲಿಬ್ ಅನ್ನೋ ಕ್ಯಾನ್ಸರ್ ಮಾತ್ರೆ, ತಿಂಗಳಿಗೊಮ್ಮೆ ಮೂಳೆ ಗಟ್ಟಿಗೆ ಅಂತ ಡ್ರಿಪ್. ಡಾಕ್ಟರ್ ಸ್ಕ್ಯಾನ್ ನೋಡಿ "ಬೆಳೆದಿಲ್ಲ, ಒಳ್ಳೇದು" ಅಂತಾರೆ. ಅಮ್ಮನೂ ಅವರ ಮುಂದೆ "ಆರಾಮಿದೀನಿ ಸಾರ್" ಅಂತಾಳೆ. ಮನೆಗೆ ಬಂದರೆ ಗೋಡೆ ಹಿಡಿದು ನಡೀತಾಳೆ. ದಿನದ ಕಷ್ಟ ಲೆಕ್ಕ ಇಟ್ಟವರು ಯಾರಾದರೂ ಇದ್ದೀರಾ? ಏನು ಬರೀತಿದ್ರಿ? ಡಾಕ್ಟರ್ ನೋಡ್ತಿದ್ರಾ?

ಮಂಡಿಪೇಟೆ ಸೊಸೆ
ನಮ್ಮ ಅತ್ತೆಗೆ ವಾರಕ್ಕೊಂದು ಪ್ಯಾಕ್ಲಿಟಾಕ್ಸೆಲ್ ಅನ್ನೋ ಕೀಮೋ. ಆರನೇ ವಾರಕ್ಕೆ ಬೆರಳ ತುದಿ ಜೋಮು ಹಿಡಿಯಿತು. ಇವರೂ "ಏನಿಲ್ಲ ಬಿಡ್ರಿ" ಅನ್ನೋರೇ. ಕಿರಾಣಿ ಅಂಗಡಿಯವರು ಕೊಟ್ಟ ಕ್ಯಾಲೆಂಡರ್‌ನಲ್ಲಿ ನಾನೇ ಬರೆಯೋಕೆ ಶುರು ಮಾಡಿದೆ. ನೋವು ಹತ್ತಕ್ಕೆ ಎಷ್ಟು, ನಿದ್ದೆ ಎಷ್ಟು ತಾಸು, ಭೇದಿ ಎಷ್ಟು ಸಲ, ಅದರ ಕೆಳಗೆ ಎಷ್ಟು ರೊಟ್ಟಿ ಬಡಿದರು. ತಿಂದದ್ದಲ್ಲ, ಬಡಿದದ್ದು. ಮೊದಲು ಬೆಳಿಗ್ಗೆ ಹನ್ನೆರಡು ಜೋಳದ ರೊಟ್ಟಿ ಬಡಿಯೋರು. ಅದು ಎಂಟಾಯ್ತು, ಐದಾಯ್ತು. ಒಂದು ದಿನ ಹಂಚಿನ ಬಿಸಿ ತಿಳಿಯದೆ ಹೆಬ್ಬೆರಳಿಗೆ ಬೊಬ್ಬೆ ಬಂದಿತ್ತು. ಹೇಳೇ ಇಲ್ಲ, ಸಂಜೆ ಬದನೆಕಾಯಿ ಹೆಚ್ಚುವಾಗ ನನಗೇ ಕಂಡಿತು. ಆ ಹಾಳೆ ಹರಿದು ಒಯ್ದು ಡಾಕ್ಟರ್ ಟೇಬಲ್ ಮೇಲೆ ಇಟ್ಟ ಮೇಲೆ ಡೋಸ್ ಇಳಿಸಿದರು. ಆಗಲೇ ತಡವಾಗಿತ್ತು. ಕಾಲಿನ ಜೋಮು ಇವತ್ತಿಗೂ ಹೋಗಿಲ್ಲ, ಚಪ್ಪಲಿ ಜಾರಿ ಬಿದ್ದಿದ್ದೂ ತಿಳಿಯಲ್ಲ. ಎರಡು ವಾರ ಮೊದಲೇ ತೋರಿಸಬೇಕಿತ್ತು ಅಂತ ನನಗೆ ಈಗಲೂ ಅನಿಸುತ್ತೆ.

ಹೊಳಲ್ಕೆರೆ ತೋಟದವ
ರೊಟ್ಟಿ ಲೆಕ್ಕವಂತೆ. ಕೀಮೋ ಆಗ್ತಿರೋರ ಕೈಲಿ ರೊಟ್ಟಿ ಬಡಿಸಿಕೊಂಡು ಅದನ್ನ ಎಣಿಸ್ತೀರಾ?
ನನ್ನ ಹೆಂಡತಿಗೆ ಲಿವರ್‌ಗೆ ಹೋಗಿತ್ತು. ಕ್ಯಾಪೆಸಿಟಾಬಿನ್ ಅನ್ನೋ ಕೀಮೋ, ಹದಿನಾಲ್ಕು ದಿನ ಮಾತ್ರೆ, ಏಳು ದಿನ ಬಿಡುವು. ಅಂಗಾಲು ಸಿಪ್ಪೆ ಎದ್ದು ಬರ್ತಿತ್ತು. ನಮಗೂ ಫಾರಂ ಕೊಟ್ಟಿದ್ದರು, ಕ್ಯಾನ್ಸರ್ ಇರೋರ ದಿನದ ಕಷ್ಟ ಸುಖ ಕೇಳೋದು, ಯುರೋಪಿನವರು ಮಾಡಿರೋ ಕ್ಯೂಎಲ್‌ಕ್ಯೂ-ಸಿ30, ಕನ್ನಡದಲ್ಲೇ. 30 ಪ್ರಶ್ನೆ, ಜೊತೆಗೆ ಸ್ತನ ಕ್ಯಾನ್ಸರ್‌ಗೆ ಅಂತ ಬೇರೆ 23. ಇವಳಿಗೆ ಕಣ್ಣು ಮಂಜು ಅಂತ ನನ್ನ ತಾಯಿ ಓದಿ ಹೇಳ್ತಿದ್ದರು, ಜೋರಾಗಿ. ಗಂಡ ಹೆಂಡಿರ ವಿಷಯವೂ ಇದೆಯಲ್ಲ ಅದರಲ್ಲಿ, ಅಲ್ಲಿಗೆ ಬಂದು ಅಮ್ಮ ನಿಂತರು. ಇವಳು ಗೋಡೆ ಕಡೆ ತಿರುಗಿ ಮಲಗಿದಳು. ಅವತ್ತೇ ಹರಿದು ಒಲೆಗೆ ಹಾಕಿದೆ.
ಖರ್ಚು ಮಾತ್ರ ಬರೆದಿಟ್ಟಿದ್ದೇನೆ. ಒಂದು ಸಲ ಬೆಂಗಳೂರಿಗೆ ಕಾರು 6,500, ಟೋಲ್ ಬೇರೆ, ಲಾಡ್ಜ್ 1,400, ಪೆಟ್ ಸ್ಕ್ಯಾನ್ 18,000, ಹೊರಗಿನ ಲ್ಯಾಬಲ್ಲಿ ರಕ್ತ 1,150, ಇಡ್ಲಿ ಕಾಫಿ 140. ಹೀಗೆ ಹನ್ನೊಂದು ಸಲ. ಅರ್ಧ ಎಕರೆ ಅಡಿಕೆ ಅದರಲ್ಲೇ ಹೋಯ್ತು. ಬಿಪಿಎಲ್ ಕಾರ್ಡ್ ಇದ್ದರೆ ವರ್ಷಕ್ಕೆ 5 ಲಕ್ಷದವರೆಗೆ ಸರ್ಕಾರವೇ ಆಸ್ಪತ್ರೆ ಖರ್ಚು ಕೊಡುತ್ತೆ ಅಂತಾರೆ, ನಮ್ಮದು ಎಪಿಎಲ್. ಎಷ್ಟು ಬರೆದರೂ ಅವಳು ಉಳಿಯಲಿಲ್ಲ.

ಮಂಡಿಪೇಟೆ ಸೊಸೆ
ನಾನು ಬಡಿಸಿಲ್ಲ ರೀ. ಬೇಡ ಅಂದರೂ ಕೇಳೋರಲ್ಲ ಅವರು. ಒಲೆ ಮುಂದೆ ಕೂರಿಸಲಿಲ್ಲ ಅಂದರೆ ಅವತ್ತು ಊಟವೇ ಇಲ್ಲ. ನಿಮ್ಮ ದುಃಖ ನನಗೆ ಅರ್ಥವಾಗುತ್ತೆ, ಹಾಗಂತ ಬಾಯಿಗೆ ಬಂದದ್ದು ಅನ್ನಬೇಡಿ.

ಚಳ್ಳಕೆರೆ, ಪೇಷಂಟ್ ನಾನೇ
ಸೊಸೆ ಆಯ್ತು, ಗಂಡ ಆಯ್ತು. ಕಾಯಿಲೆ ಇರೋರನ್ನ ಯಾರೂ ಕೇಳ್ತಿಲ್ಲ, ಅಲ್ವಾ? ಮೂರು ವರ್ಷದಿಂದ ನನ್ನ ಲೆಕ್ಕ ನಾನೇ ಬರೀತೀನಿ. ಮನೆಯವರು ಬರೆದರೆ ವಾಂತಿ, ಜ್ವರ ಬರೀತಾರೆ. ಸುಸ್ತು, ಬೇಜಾರು ಯಾರ ಕಣ್ಣಿಗೂ ಬೀಳಲ್ಲ. ನನಗೆ ತಿಂಗಳಿಗೊಮ್ಮೆ ಫಲ್ವೆಸ್ಟ್ರಾಂಟ್ ಅನ್ನೋ ಹಾರ್ಮೋನ್ ತಡೆಯೋ ಸೂಜಿ. ಹರಳೆಣ್ಣೆ ಬೆರೆತ ಮಂದ ಔಷಧ, ಎರಡೂ ಕುಂಡಿಗೆ ಒಂದೊಂದು ಸೂಜಿ. ಎಣ್ಣೆ ಮಿಲ್ಲಿನ ಊರವಳಿಗೆ ಎಣ್ಣೆ ಸೂಜಿಯೇ ಬರೆದಿತ್ತು. ಅವತ್ತು ಬಸ್ಸಲ್ಲಿ ಸೀಟ್ ಇದ್ದರೂ ನಿಂತೇ ಬರೋದು, ಕಂಡಕ್ಟರ್ "ಕೂತ್ಕೊಳಮ್ಮ" ಅಂತ ಬೈತಾನೆ. ಇದನ್ನ ಯಾವ ಸ್ಕ್ಯಾನ್ ತೋರಿಸುತ್ತೆ?
ಹೊಳಲ್ಕೆರೆಯವರೇ, ಬರೆದರೆ ಪ್ರಯೋಜನ ಇಲ್ಲ ಅನ್ನಬೇಡಿ. ಅಮೆರಿಕದಲ್ಲಿ 766 ಕ್ಯಾನ್ಸರ್ ರೋಗಿಗಳ ಮೇಲೆ ಮಾಡಿದ ಅಧ್ಯಯನ, ಫಲಿತಾಂಶ 2017ರಲ್ಲಿ ಬಂತು. ತಮ್ಮ ಕಷ್ಟ ತಾವೇ ಕಂಪ್ಯೂಟರ್‌ನಲ್ಲಿ ಬರೆದವರ ಗುಂಪು ಮಧ್ಯಮ ಲೆಕ್ಕದಲ್ಲಿ (ಅರ್ಧ ಜನ ಅದಕ್ಕಿಂತ ಹೆಚ್ಚು, ಅರ್ಧ ಜನ ಕಡಿಮೆ) 31 ತಿಂಗಳು ಬದುಕಿತು, ಉಳಿದವರ ಗುಂಪು 26. ಆದರೆ ಅಲ್ಲಿ ಕಷ್ಟ ಜಾಸ್ತಿಯಾದ ಕೂಡಲೇ ನರ್ಸ್‌ಗೆ ಸುದ್ದಿ ಹೋಗ್ತಿತ್ತು. ನಮ್ಮಲ್ಲಿ ಸಂಜೆ ಫೋನ್ ಎತ್ತೋರೇ ಇಲ್ಲ, ಅದು ಬೇರೆ ಮಾತು.

ಹೊಳಲ್ಕೆರೆ ತೋಟದವ
ಅಮೆರಿಕದ ಐದು ತಿಂಗಳು ನನಗೆ ಹೇಳ್ತೀರಾ. ಹಾಗಾದರೆ ಫಾರಂ ಹರಿದಿದ್ದಕ್ಕೇ ನಾನು ಐದು ತಿಂಗಳು ಕಳೆದೆ ಅಂತಲಾ?

ಚಳ್ಳಕೆರೆ, ಪೇಷಂಟ್ ನಾನೇ
ಹಾಗೆ ಹೇಳಿಲ್ಲ ಅಣ್ಣಾ. ಆ ಪ್ರಶ್ನೆಯನ್ನ ನಿಮ್ಮ ತಾಯಿ ಕೈಲಿ ಓದಿಸಬಾರದಿತ್ತು ಅಷ್ಟೇ.

ಪಿ.ಜೆ. ಬಡಾವಣೆ
ನಡುವೆ ಬಾಯಿ ಹಾಕ್ತಿದೀನಿ. ಪಾಲ್ಬೊಸಿಕ್ಲಿಬ್ ಪೇಟೆಂಟ್ 2023ರ ಜನವರಿಯಲ್ಲೇ ಮುಗಿದಿದೆ, ಈಗ ಬೇರೆ ಕಂಪನಿಗಳದ್ದು ಕಡಿಮೆ ಬೆಲೆಗೆ ಸಿಗುತ್ತೆ. ನಾವು ಗೊತ್ತಿಲ್ಲದೆ ಆರು ತಿಂಗಳು ಹಳೆಯ ಬ್ರಾಂಡೇ ತಂದೆವು, ಒಡವೆ ಇನ್ನೂ ಅಡವಿದೆ. ಮೂಳೆಯ ಡ್ರಿಪ್ ಹಾಕಿಸೋರು ಹಲ್ಲು ಕೀಳಿಸೋ ಮುಂಚೆ ಕ್ಯಾನ್ಸರ್ ಡಾಕ್ಟರ್‌ಗೆ ಹೇಳಿ, ನಮ್ಮ ಚಿಕ್ಕಮ್ಮನಿಗೆ ದವಡೆ ಕೀವಾಯ್ತು. ಮತ್ತೆ ಕಾರು ಯಾಕೆ ಸಾರ್? ರೈಲಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಪೂರ್ತಿ ರಿಯಾಯಿತಿ, ಜೊತೆಗಿರೋರಿಗೆ ಮುಕ್ಕಾಲು.

ಹೊಳಲ್ಕೆರೆ ತೋಟದವ
ರಾತ್ರಿ ಎರಡಕ್ಕೆ ಪ್ಲಾಟ್‌ಫಾರಂ ಮೇಲೆ ಭೇದಿ ಹತ್ತಿದವಳನ್ನ ಕೂರಿಸಿಕೊಂಡು ನೋಡಿ, ಆಮೇಲೆ ರಿಯಾಯಿತಿ ಮಾತಾಡಿ.

ಕೇಳಿದವರು: ವಿದ್ಯಾನಗರ, ದಾವಣಗೆರೆ
ಜಗಳ ಬೇಡ, ದಯವಿಟ್ಟು. ಅಮ್ಮನನ್ನೇ ಕೇಳಿದೆ, ಏನು ಬರೆಯಲಿ ಅಂತ. "ಹಿತ್ತಿಲ ಎರಡು ಮೆಟ್ಟಿಲು ಬರಿ" ಅಂದಳು. ಮಲ್ಲಿಗೆ ಬಳ್ಳಿ ಇರೋದು ಅಲ್ಲೇ. ಇವತ್ತು ಒಂದು ಮೆಟ್ಟಿಲು ಇಳಿದಳು, ಹೂವು ನಾನು ಬಿಡಿಸಿಕೊಟ್ಟೆ. ಪಿ.ಜೆ. ಬಡಾವಣೆಯವರೇ, ಆ ಕಡಿಮೆ ಬೆಲೆಯ ಮಾತ್ರೆ ಇಲ್ಲೇ ಸಿಗುತ್ತಾ, ಬೆಂಗಳೂರಿಂದ ತರಿಸಬೇಕಾ?